ಕನ್ನಡ ನಾಡಿನಲ್ಲಿ ಪ್ರಾಚೀನ ವ್ಯಕ್ತಿನಾಮಗಳ ಪುನರುಜ್ಜೀವನ: ಧಾರವಾಡ ಸೀಮೆಯನ್ನು ಲಕ್ಷಿಸಿ ಒಂದು ವಿವೇಚನೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಹಾಜರಿ ಕರೆಯುವ ಅಧ್ಯಾಪಕರಿಗೆ ಪುಲಕೇಶಿ, ವಿಕ್ರಮಾದಿತ್ಯ, ಅಮೋಘವರ್ಷ, ಮಯೂರ, ಶಾಂತಲಾ ಎಂಬ ಹೆಸರುಗಳು ಅಪರಿಚಿತವಾದುವಲ್ಲ. ಅದೇ ಯಾದಿಯಲ್ಲಿ ಮಲ್ಲವ್ವ, ಜಕ್ಕವ್ವ, ಹೊನ್ನಪ್ಪ, ರಾಚಪ್ಪ ಎಂಬ ಹೆಸರುಗಳು ವಿರಳವಾಗುತ್ತ ನಡೆದಿರುವುದನ್ನೂ ಅವರು ಬಲ್ಲರು. ಮೊದಲಿನ ಗುಂಪಿನವು ಪ್ರಾಚೀನ ನಾಮಗಳು, ಎರಡನೆಯ ಗುಂಪಿನವು ಕೇವಲ ಹಳೆಯ ಕಾಲದ ಹಳ್ಳಿಯ ಹೆಸರುಗಳು ಎಂದು ಎಣಿಸುವುದು ಇಂದಿನ ರೂಢಿ. ಈ ಎಣಿಕೆಗೆ ಶಾಸನಗಳ ಸಾಕ್ಷ್ಯವು ಎಷ್ಟರಮಟ್ಟಿಗೆ ಒತ್ತಾಸೆ ಕೊಡುತ್ತದೆ, ಮರಳಿ ಬಂದ ಹೆಸರುಗಳು ಯಾವುವು, ಬಾರದೆ ಹೋದುವು ಯಾವುವು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವ್ಯಕ್ತಿನಾಮವು ಇತಿಹಾಸಕಾರನಿಗೆ ಅಲ್ಪವಾದ ಸಾಧನವಲ್ಲ. ರಾಜಪ್ರಶಸ್ತಿಯನ್ನು ಬರೆದ ಕವಿಗೆ ತನ್ನ ಮಾತು ಮುಂದಿನವರ ಕಣ್ಣಿಗೆ ಬೀಳಬೇಕೆಂಬ ಆಶೆಯಿತ್ತು. ಆದುದರಿಂದ ಅವನ ಮಾತನ್ನು ನಾವು ತೂಗಿ ನೋಡಿಯೇ ಸ್ವೀಕರಿಸಬೇಕಾಗುತ್ತದೆ. ಮಗುವನ್ನು ತೊಟ್ಟಿಲಿಗೆ ಹಾಕಿ ಅದರ ಕಿವಿಯಲ್ಲಿ ಹೆಸರನ್ನು ಉಸುರಿದ ಸೋದರತ್ತೆಗೆ ಅಂತಹ ಆಶೆ ಯಾವುದೂ ಇರಲಿಲ್ಲ. ಆ ಮನೆತನದವರು ಯಾರನ್ನು ನೆನೆಯುತ್ತಿದ್ದರು, ಯಾವ ದೇವರಿಗೆ ಹರಕೆ ಹೊತ್ತಿದ್ದರು, ಯಾರಂತೆ ಆಗಬೇಕೆಂದು ಬಯಸುತ್ತಿದ್ದರು ಎಂಬುದು ಆ ಒಂದು ಶಬ್ದದಲ್ಲಿ ತಾನಾಗಿಯೇ ದಾಖಲೆಯಾಗಿ ನಿಂತಿರುತ್ತದೆ.

ಹೆಸರಿನ ಪುನರುಜ್ಜೀವನವನ್ನು ಕುರಿತು ಹೇಳುವ ಮೊದಲು, ಅದಕ್ಕಿಂತ ಭಿನ್ನವಾದ ಇನ್ನೊಂದು ಸಂಗತಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ. ಅದು ಹೆಸರಿನ ಪುನರಾವೃತ್ತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯು ನಮ್ಮ ಸೀಮೆಯಲ್ಲಿ ಬಲು ಪುರಾತನವಾದುದು. ಧಾರವಾಡದ ಸಮೀಪದ ನರೇಂದ್ರ ಗ್ರಾಮದ ಶಾಸನದಿಂದ ನಮಗೆ ಪರಿಚಿತರಾದ ಗೋವೆಯ ಕದಂಬರ ವಂಶಾವಳಿಯನ್ನು ತೆಗೆದುಕೊಳ್ಳಬಹುದು. ಒಂದನೆಯ ಜಯಕೇಶಿಯ ಮಗ ವಿಜಯಾದಿತ್ಯ. ಅವನ ಮಗ ಎರಡನೆಯ ಜಯಕೇಶಿ. ಇವನ ಮಗ ಮತ್ತೆ ವಿಜಯಾದಿತ್ಯ. ಆತನ ಮಗ ಮೂರನೆಯ ಜಯಕೇಶಿ. ಐದು ತಲೆಮಾರುಗಳಲ್ಲಿ ಎರಡೇ ಹೆಸರುಗಳು ಲಾಳಿಯಂತೆ ಅತ್ತಿಂದಿತ್ತ ಓಡಾಡಿವೆ. ಎರಡನೆಯ ಜಯಕೇಶಿಯ ರಾಣಿ ಮೈಲಳದೇವಿಯು ಕಲ್ಯಾಣದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ಆ ವಿಕ್ರಮಾದಿತ್ಯನಿಗೆ ಪೆರ್ಮಾಡಿ ಎಂಬ ಹೆಸರೂ ಇದ್ದಿತು. ಮೈಲಳದೇವಿಯ ಮಗ ಶಿವಚಿತ್ತನ ಹೆಸರೂ ಪೆರ್ಮಾಡಿ. ಇಲ್ಲಿ ತಾಯಿಯ ತಂದೆಯ ಹೆಸರು ಮೊಮ್ಮಗನಿಗೆ ಸಂದಿದೆಯೆಂದು ಊಹಿಸಲು ಅವಕಾಶವಿದೆ. ಕಲ್ಯಾಣದ ಅರಮನೆಯಲ್ಲಿಯೂ ಇದೇ ಕ್ರಮ. ಒಂದನೆಯ ಸೋಮೇಶ್ವರನ ಮಕ್ಕಳಲ್ಲಿ ಒಬ್ಬನಾದ ಜಯಸಿಂಹನು ತನ್ನ ಅಜ್ಜ ಎರಡನೆಯ ಜಯಸಿಂಹನ ಹೆಸರನ್ನು ಹೊತ್ತವನು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನೂ ತನ್ನ ಅಜ್ಜನ ಹೆಸರಿನವನೇ.

ಈ ಪದ್ಧತಿಯು ಅರಸುಮನೆಗಳೊಡನೆ ಅಳಿಯಲಿಲ್ಲ. ಒಕ್ಕಲುತನದ ಮನೆಗಳಲ್ಲಿ, ವ್ಯಾಪಾರಸ್ಥರ ಮನೆಗಳಲ್ಲಿ, ವೈದಿಕರ ಮನೆಗಳಲ್ಲಿ ಇದು 20ನೆಯ ಶತಮಾನದಲ್ಲಿಯೂ ನಡೆದುಬಂದಿತು. ಇದರೊಡನೆ ಹೆಣೆದುಕೊಂಡು ಬಂದ ಒಂದು ವಿನೋದದ ತೊಡಕನ್ನು ವಾಚಕರೂ ಬಲ್ಲರು. ಸೊಸೆಯಾದವಳು ಮಾವನ ಹೆಸರನ್ನು ನಾಲಗೆಯ ಮೇಲೆ ತರಬಾರದು. ಆದರೆ ತನ್ನ ಮಗನಿಗೆ ಮಾವನ ಹೆಸರನ್ನೇ ಇಟ್ಟಿದೆ! ಆದುದರಿಂದ ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು, ಕರೆಯುವ ಹೆಸರು ಬೇರೊಂದು. ಅಜ್ಜಪ್ಪ, ಅಪ್ಪಾಜಿ, ತಮ್ಮಣ್ಣ, ತಾತ್ಯಾ ಎಂದು ಕರೆಯಿಸಿಕೊಂಡೇ ಮುಪ್ಪಾದ ಮಹನೀಯರು ಈ ಅವಳಿ ನಗರದ ಓಣಿಗಳಲ್ಲಿ ಎಷ್ಟೋ ಜನ ಆಗಿಹೋದರು. ಉಚ್ಚರಿಸಲಾಗದ ಹೆಸರು ಉಳಿದು ಬಂದದ್ದು ಹೀಗೆ. ಅದು ಒಮ್ಮೆಯೂ ಸತ್ತಿರಲಿಲ್ಲವಾದುದರಿಂದ ಅದನ್ನು ಪುನರುಜ್ಜೀವನ ಎನ್ನುವುದು ಸಲ್ಲದು.

ನಿಜವಾದ ಪುನರುಜ್ಜೀವನದಲ್ಲಿ ನಡುವೆ ಒಂದು ಬಿರುಕು ಇರಬೇಕು. ಹೆಸರು ಬಳಕೆಯಿಂದ ಬಿದ್ದುಹೋಗಿ, ಅದನ್ನು ಇಡುವವರು ಪ್ರಯತ್ನಪೂರ್ವಕವಾಗಿ ಹಿಂದಿನ ಕಾಲಕ್ಕೆ ಕೈಚಾಚಿ ಎತ್ತಿ ತಂದಿರಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ಸ್ಪಷ್ಟವಾದ ಪೂರ್ವೋದಾಹರಣೆಯು 20ನೆಯ ಶತಮಾನದ್ದಲ್ಲ, ಸಾವಿರ ವರ್ಷಗಳಷ್ಟು ಹಿಂದಿನದು. ಬಾದಾಮಿಯ ಚಾಲುಕ್ಯರ ಆಳಿಕೆ 8ನೆಯ ಶತಮಾನದ ನಡುವಿನಲ್ಲಿ ಕೊನೆಗೊಂಡಿತು. ಇನ್ನೂರು ವರ್ಷಗಳಿಗೂ ಮಿಕ್ಕಿ ರಾಷ್ಟ್ರಕೂಟರು ಆಳಿದ ಮೇಲೆ 973ರಲ್ಲಿ ತೈಲಪನು ಎರಡನೆಯ ಕರ್ಕನನ್ನು ಸೋಲಿಸಿ ಚಾಲುಕ್ಯರ ಹೆಸರಿನಲ್ಲಿ ರಾಜ್ಯವನ್ನು ಮತ್ತೆ ಸ್ಥಾಪಿಸಿದನು. ಆತನ ಮಗನ ಹೆಸರು ಸತ್ಯಾಶ್ರಯ. ಐಹೊಳೆಯ 634-35ರ ಶಾಸನವನ್ನು ಓದಿದವರಿಗೆ ಈ ಹೆಸರಿನ ಮೂಲ ಕೂಡಲೆ ಹೊಳೆಯುತ್ತದೆ. ಅದು ಇಮ್ಮಡಿ ಪುಲಕೇಶಿಯ ಬಿರುದು. ಅಜ್ಜನ ಅಜ್ಜನೆಂದು ಎಣಿಸಿಕೊಂಡವನ ಬಿರುದನ್ನು ಮಗನಿಗೆ ಹೆಸರಾಗಿ ಇಡಲಾಯಿತು. ತೈಲಪನ ಮೊಮ್ಮಕ್ಕಳು ವಿಕ್ರಮಾದಿತ್ಯ, ಜಯಸಿಂಹ. ಇವೂ ಬಾದಾಮಿಯ ಮನೆತನದ ಹೆಸರುಗಳೇ. ಐದನೆಯ ವಿಕ್ರಮಾದಿತ್ಯನ ಕಾಲದ ಕೌಠೇಂ ತಾಮ್ರಪಟಗಳು (1009) ಬಾದಾಮಿಯ ಕೊನೆಯ ಅರಸರಿಂದ ತೈಲಪನವರೆಗಿನ ವಂಶವೃಕ್ಷವನ್ನು ಕೊಡುತ್ತವೆ. ನಡುವಿನ ಆ ಕೊಂಡಿಗಳನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಒಪ್ಪಲಿ, ಬಿಡಲಿ, ಮಕ್ಕಳಿಗೆ ಇಟ್ಟ ಹೆಸರು ಹಕ್ಕುಪತ್ರದ ಕೆಲಸವನ್ನು ಮಾಡಿತೆಂಬುದು ಮಾತ್ರ ನಿಸ್ಸಂದೇಹ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಲ್ಯಾಣದ ಸಿಂಹಾಸನವನ್ನು ಏರಿದವರಲ್ಲಿ ವಿಕ್ರಮಾದಿತ್ಯರಿದ್ದಾರೆ, ಜಯಸಿಂಹರಿದ್ದಾರೆ, ಸತ್ಯಾಶ್ರಯನಿದ್ದಾನೆ. ಪುಲಕೇಶಿ ಒಬ್ಬನೂ ಇಲ್ಲ. ಸಂಸ್ಕೃತದ ಬಿರುದು ಹೆಸರಾಗಿ ಮರಳಿತು. ಪೊಲೆಕೇಶಿ ಎಂದೂ ಬರೆಯಲ್ಪಡುತ್ತಿದ್ದ, ಅರ್ಥದ ವಿಷಯದಲ್ಲಿ ಇಂದಿಗೂ ಚರ್ಚೆಗೆ ಎಡೆಗೊಟ್ಟಿರುವ ಆ ದೇಶೀಯ ಚಹರೆಯ ಹೆಸರು ಮರಳಲಿಲ್ಲ. ಪುನರುಜ್ಜೀವನವು ಹಳೆಯದನ್ನೆಲ್ಲ ತರುವುದಿಲ್ಲ, ಆಯ್ದು ತರುತ್ತದೆ ಎಂಬುದಕ್ಕೆ ಇದು ಮೊದಲ ನಿದರ್ಶನ.

ಅರಸುಮನೆಯ ಹೊರಗೆ ಹೆಸರಿಡುವ ಬಗೆ ಹೇಗಿತ್ತೆಂಬುದನ್ನು ತಿಳಿಯಲು ನಮಗೆ ಕವಿಗಳ ಮನೆತನಗಳೇ ಒಳ್ಳೆಯ ಆಧಾರ. ಪಂಪನ ತಾಯಿ ಅಬ್ಬಣಬ್ಬೆ. ತೆಲಂಗಾಣದ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ ಶಾಸನದ ಪ್ರಕಾರ ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಎಂದರೆ ನಮ್ಮ ಜಿಲ್ಲೆಯ ಮಗಳು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ; ಒಡಹುಟ್ಟಿದವರಲ್ಲಿ ರೇಚಣ, ಮಾರಯ್ಯ ಎಂಬವರಿದ್ದರು; ಹೆಂಡಂದಿರು ಜಕ್ಕಿ, ಶಾಂತಿ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ತನಗೆ ಆಶ್ರಯವಿತ್ತ ಚಾವುಂಡರಾಯನನ್ನೂ ದಾನಚಿಂತಾಮಣಿ ಅತ್ತಿಮಬ್ಬೆಯನ್ನೂ ಆತನು ಹೀಗೆ ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಆಕೆ ಬದುಕಿರುವಾಗಲೇ ಬೇರೊಂದು ಮನೆಯ ಕೂಸಿಗೆ ಸಂದಿತು. ಆಕೆಯ ತಂಗಿ ಗುಂಡಮಬ್ಬೆ, ತಂದೆ ಮಲ್ಲಪಯ್ಯ, ಮಗ ಅಣ್ಣಿಗ. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಹತ್ತನೆಯ ಶತಮಾನದ ಕನ್ನಡಿಗರ ಮನೆಗಳಲ್ಲಿ ಕೇಳಿಬರುತ್ತಿದ್ದ ಧ್ವನಿ ಇದು. ಇದರಲ್ಲಿ ಆದಿತ್ಯ-ವರ್ಷಗಳು ಕಡಿಮೆ, ಅಬ್ಬೆ-ಅಯ್ಯಂದಿರು ಹೆಚ್ಚು.

ಇನ್ನು 19ನೆಯ ಶತಮಾನಕ್ಕೆ ಬರೋಣ. ಆಗಿನ ಧಾರವಾಡ ಸೀಮೆಯ ತೊಟ್ಟಿಲುಗಳಲ್ಲಿ ಇದ್ದ ಹೆಸರುಗಳು ಬಹುಮಟ್ಟಿಗೆ ದೈವದ ಮತ್ತು ಹರಕೆಯ ಹೆಸರುಗಳು. ಸವದತ್ತಿಯ ಗುಡ್ಡಕ್ಕೆ ನಡೆದುಕೊಳ್ಳುವವರಲ್ಲಿ ಯಲ್ಲಪ್ಪ, ಯಲ್ಲವ್ವ. ಉಳವಿಯ ಚನ್ನಬಸವಣ್ಣನ ಒಕ್ಕಲಿನಲ್ಲಿ ಉಳವಪ್ಪ. ಶಿರಹಟ್ಟಿಯ ಫಕೀರಸ್ವಾಮಿಗೆ ಹರಕೆ ಹೊತ್ತವರಲ್ಲಿ, ಜಾತಿಮತಗಳ ಎಣಿಕೆಯಿಲ್ಲದೆ, ಫಕೀರಪ್ಪ, ಫಕೀರವ್ವ. ಮಾಧ್ವ ಮನೆತನಗಳಲ್ಲಿ ರಾಘವೇಂದ್ರ, ವಾದಿರಾಜ, ಜಯತೀರ್ಥ. ಹುಬ್ಬಳ್ಳಿಯ ಸಿದ್ಧಾರೂಢರು 1929ರಲ್ಲಿ ಲಿಂಗೈಕ್ಯರಾದ ಮೇಲಂತೂ ಸಿದ್ಧಾರೂಢ ಎಂಬ ಹೆಸರು ಸುತ್ತಣ ಹಳ್ಳಿಗಳಲ್ಲಿ ತುಂಬಿಹೋಯಿತು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ತಿಪ್ಪಣ್ಣ, ಅಡಿವೆಪ್ಪ, ಹುಚ್ಚಪ್ಪ ಎಂದು ಮೃತ್ಯುವಿನ ಕಣ್ಣು ತಪ್ಪಿಸುವ ಹೆಸರುಗಳು. ಹೆಣ್ಣುಮಕ್ಕಳೇ ಹೆಚ್ಚಾದ ಮನೆಯಲ್ಲಿ ಕಡೆಯವಳಿಗೆ ಸಾಕವ್ವ. ಮೇಲುಸ್ತರದವರಲ್ಲಿ ಪೇಶ್ವೆಯರ ಕಾಲದಿಂದಲೂ ಮುಂಬಯಿ ಆಧಿಪತ್ಯದ ಶಾಲೆ-ಕಚೇರಿಗಳ ಮೂಲಕವೂ ಬಂದ ರಾವ್, ಬಾಯಿ ಎಂಬ ಮರಾಠಿ ಅಂತ್ಯಗಳು ನೆಲೆಯೂರಿದ್ದುವು. ಪುಲಕೇಶಿಯನ್ನಾಗಲಿ ಅಮೋಘವರ್ಷನನ್ನಾಗಲಿ ನೆನೆಯುವವರು ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆ ಹೆಸರುಗಳಿದ್ದ ಕಲ್ಲುಗಳನ್ನು ಓದಬಲ್ಲವರೇ ಉಳಿದಿರಲಿಲ್ಲ.

ಕಲ್ಲುಗಳು ಮಾತನಾಡತೊಡಗಿದ್ದು ವಾಲ್ಟರ್ ಎಲಿಯಟ್ಟನ ಕಾಲದಿಂದ. 1824ರ ಕಿತ್ತೂರಿನ ಹೋರಾಟದಲ್ಲಿ ಸೆರೆ ಸಿಕ್ಕು ಬಿಡುಗಡೆ ಹೊಂದಿದ ಈ ಅಧಿಕಾರಿಯು ಮುಂದೆ ಇದೇ ಸೀಮೆಯಲ್ಲಿದ್ದುಕೊಂಡು ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಕಿತ್ತೂರಿನ ಸೆರೆಯಾಳು ಕನ್ನಡ ಶಾಸನಗಳ ಮೊದಲ ಸಂಗ್ರಾಹಕರಲ್ಲಿ ಒಬ್ಬನಾದದ್ದು ಇತಿಹಾಸದ ಒಂದು ವಿಚಿತ್ರ. ಆ ಮೇಲೆ ಫ್ಲೀಟ್ ಸಾಹೇಬರು ಶಾಸನಗಳನ್ನು ಪ್ರಕಟಿಸಿ, 1882ರಲ್ಲಿ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಇತಿಹಾಸವನ್ನು ಹೊರತಂದರು. ಇಂಗ್ಲಿಷಿನಲ್ಲಿದ್ದ ಈ ಜ್ಞಾನವು ಮನೆಮನೆಗೆ ಇಳಿಯಲು ಇನ್ನೊಂದು ತಲೆಮಾರು ಬೇಕಾಯಿತು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವೂ ಸ್ಥಾಪಿತವಾದುವು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಪ್ರಕಟವಾಯಿತು. ಗಳಗನಾಥರು ‘ಮಾಧವ ಕರುಣಾ ವಿಲಾಸ’ದಂತಹ ಕಾದಂಬರಿಗಳಿಂದ ವಿಜಯನಗರದ ಹಿರಿಯರನ್ನು ಓದುಗರ ಮನೆಯ ನೆಂಟರನ್ನಾಗಿ ಮಾಡಿದರು. ಕನ್ನಡಿಗನಿಗೆ ತನ್ನದೇ ಆದ ಅರಸರ ಯಾದಿಯೊಂದು ಕೈಗೆ ಸಿಕ್ಕಿತು. ಆ ಯಾದಿಯೇ ತೊಟ್ಟಿಲಿನ ಹೆಸರುಗಳಿಗೂ ಆಕರವಾಯಿತು.

ಈ ಹೆಸರುಗಳನ್ನು ಮಕ್ಕಳಿಗೆ ಇಟ್ಟವರ ಮನಸ್ಸಿನಲ್ಲಿದ್ದುದು ಏಕೀಕರಣದ ಹಂಬಲ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಾಡಿನಲ್ಲಿ, ನರ್ಮದೆಯ ತೀರದಲ್ಲಿ ಹರ್ಷನನ್ನು ತಡೆದ ಅರಸನ ಹೆಸರನ್ನು ಕೂಸಿಗೆ ಇಡುವುದೆಂದರೆ ಬರಿಯ ಅಲಂಕಾರವಲ್ಲ. ಚಾಲುಕ್ಯ ತೈಲಪನ ಮನೆಯವರು ಹೆಸರಿನಿಂದ ಸಾಧಿಸಹೊರಟದ್ದನ್ನೇ ಇಲ್ಲಿ ಗುಮಾಸ್ತರೂ ಶಾಲಾಮಾಸ್ತರರೂ ಸಾಧಿಸಹೊರಟರು. ಹಕ್ಕು ಮಾತ್ರ ಸಿಂಹಾಸನದ್ದಲ್ಲ, ನಾಡಿನದು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳೆಂದು ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳು ಧಾರವಾಡದ ಸುತ್ತಮುತ್ತಲೇ ಇವೆಯೆಂಬ ಅಭಿಮಾನವೂ ಇದಕ್ಕೆ ಕೂಡಿಕೊಂಡಿತು. ಹುಬ್ಬಳ್ಳಿಯ ಗುಡ್ಡವೊಂದು ನೃಪತುಂಗ ಬೆಟ್ಟವೆನಿಸಿತು. 1956ರಲ್ಲಿ ನಾಡು ಒಂದಾಯಿತು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಪ್ರಾಚೀನ ಹೆಸರು ಮರಳಿತು. ನಾಡಿಗೇ ನಾಮಕರಣವಾದ ಮೇಲೆ ಮಕ್ಕಳ ಹೆಸರುಗಳಿಗೆ ರಾಜಕೀಯದ ಕಾವು ಇಳಿದು, ಅವು ಕಾದಂಬರಿ-ಚಲಚ್ಚಿತ್ರಗಳ ದಾರಿಯಿಂದ ಹರಡತೊಡಗಿದುವು. ಕೆ. ವಿ. ಅಯ್ಯರ ‘ಶಾಂತಲಾ’ ಕಾದಂಬರಿ, 1967ರ ‘ಇಮ್ಮಡಿ ಪುಲಿಕೇಶಿ’, 1975ರ ‘ಮಯೂರ’ ಚಲಚ್ಚಿತ್ರಗಳು ಶಾಸನಸಂಪುಟಗಳನ್ನು ಎಂದೂ ತೆರೆಯದ ಮನೆಗಳಿಗೆ ಈ ಹೆಸರುಗಳನ್ನು ಮುಟ್ಟಿಸಿದುವು. ಸಂಪತ್‌ಕುಮಾರ ಎಂಬ ನಟ 1972ರಲ್ಲಿ ವಿಷ್ಣುವರ್ಧನನಾದ ಮೇಲೆ ಹೊಯ್ಸಳ ದೊರೆಯ ಹೆಸರಿಗೆ ಬಂದ ಪ್ರಚಾರವನ್ನು ಯಾವ ಇತಿಹಾಸ ಗ್ರಂಥವೂ ತಂದುಕೊಟ್ಟಿರಲಾರದು.

ಇಂತಹ ಪ್ರವೃತ್ತಿ ನಮ್ಮಲ್ಲಿ ಮಾತ್ರ ಕಾಣುವುದಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಲ್ಫ್ರೆಡ್, ಎಡ್ಗರ್, ಎಡ್ವಿನ್, ಈಡಿತ್ ಮೊದಲಾದ ಸ್ಯಾಕ್ಸನ್ ಕಾಲದ ಹೆಸರುಗಳು ಮತ್ತೆ ಚಲಾವಣೆಗೆ ಬಂದುವು. ನೆರೆಯ ತಮಿಳುನಾಡಿನಲ್ಲಿ ವೇದಾಚಲಂ ಅವರು ತಮ್ಮ ಹೆಸರನ್ನೇ ಮರೈಮಲೈ ಅಡಿಗಳ್ ಎಂದು ತಮಿಳಿಗೆ ತಿರುಗಿಸಿಕೊಂಡು ಶುದ್ಧ ತಮಿಳಿನ ಚಳವಳಿಗೆ ನಾಂದಿ ಹಾಡಿದರು. ಈ ಕೊನೆಯ ಉದಾಹರಣೆಯೊಡನೆ ನಮ್ಮದನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ತೋರುತ್ತದೆ. ತಮಿಳರು ಸಂಸ್ಕೃತದ ಹೆಸರನ್ನು ಬಿಟ್ಟು ತಮಿಳಿನದನ್ನು ಹಿಡಿದರು. ನಾವು ಕನ್ನಡದ ಅಭಿಮಾನದಿಂದಲೇ ಹೊರಟು ಸಂಸ್ಕೃತದ ಹೆಸರುಗಳನ್ನು ಆರಿಸಿಕೊಂಡೆವು.

ಹಾಗಾದದ್ದು ಏಕೆ? ನಮ್ಮ ಅಭಿಪ್ರಾಯದಲ್ಲಿ, ಪುನರುಜ್ಜೀವನಕ್ಕೆ ಒದಗಿದ ಯಾದಿಯೇ ಪ್ರಶಸ್ತಿಗಳಿಂದ ತೆಗೆದುದು. ಪ್ರಶಸ್ತಿಯ ಭಾಷೆ ಅರಸನನ್ನು ಎತ್ತರದಲ್ಲಿ ನಿಲ್ಲಿಸುವ ಭಾಷೆ. ಹೊಯ್ಸಳರ ವಿಷ್ಣುವರ್ಧನನಿಗೆ ಬಿಟ್ಟಿದೇವ, ಬಿಟ್ಟಿಗ ಎಂಬ ಹೆಸರುಗಳಿದ್ದುವು. ಮರಳಿ ಬಂದವನು ವಿಷ್ಣುವರ್ಧನ, ಬಿಟ್ಟಿಗನಲ್ಲ. ತಾಳಗುಂದದ ಶಾಸನದ ಮಯೂರಶರ್ಮನು ಜನಪ್ರಿಯ ಪರಂಪರೆಯಲ್ಲಿ ಮಯೂರವರ್ಮನಾಗಿ, ಕಡೆಗೆ ಬರಿಯ ಮಯೂರನಾಗಿ ತೊಟ್ಟಿಲೇರಿದನು. ಬಾದಾಮಿಯ ಬಂಡೆಯ ಮೇಲೆ ತನ್ನ ಸಜ್ಜನಿಕೆಯನ್ನೂ ಛಲವನ್ನೂ ಪದ್ಯಗಳಲ್ಲಿ ಕೆತ್ತಿಸಿಕೊಂಡ ಕಪ್ಪೆ ಅರಭಟ್ಟನ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿ ಮೆಚ್ಚದವರಿಲ್ಲ. ಮಗನಿಗೆ ಇಟ್ಟವರನ್ನು ನಾವು ಕಾಣೆವು. ಎಲ್ಲಕ್ಕಿಂತಲೂ ಮನಸ್ಸಿಗೆ ನಾಟುವ ನಿದರ್ಶನ ಶಾಂತಲೆಯದು. ಆಕೆ ಶಿವಗಂಗೆಯಲ್ಲಿ 1131ರಲ್ಲಿ ತೀರಿಕೊಂಡಳು. ಆಕೆಯ ತಂದೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ. ಮಗಳ ಮರಣಾನಂತರ ಮಾಚಿಕಬ್ಬೆ ಶ್ರವಣಬೆಳ್ಗೊಳದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹತ್ಯಾಗ ಮಾಡಿದಳೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಶಾಂತಲೆಯ ಹೆಸರನ್ನು ಹೊತ್ತ ಹೆಣ್ಣುಮಕ್ಕಳು ಇಂದು ನಾಡಿನ ಎಲ್ಲೆಡೆ ಇದ್ದಾರೆ. ಮಾಚಿಕಬ್ಬೆಯ ಹೆಸರು ಶಾಸನದ ಕಲ್ಲಿನ ಮೇಲೆಯೇ ಉಳಿಯಿತು.

ವಚನಸಾಹಿತ್ಯದ ಪ್ರಕಟನೆಯಿಂದ ಉಂಟಾದ ಪುನರುಜ್ಜೀವನದಲ್ಲಿಯೂ ಇದೇ ಆಯ್ಕೆ ಕಂಡುಬರುತ್ತದೆ. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಮುದ್ರಿಸಿದರು. ಬಸವ, ಚನ್ನಬಸವ, ಸಿದ್ಧರಾಮ ಎಂಬ ಹೆಸರುಗಳು ಮಠಗಳಿಂದಲೂ ಪುರಾಣಶ್ರವಣದಿಂದಲೂ ಎಂದೂ ಅಳಿದಿರಲಿಲ್ಲ. ಆದುದರಿಂದ ಗಂಡುಹೆಸರುಗಳ ಮಟ್ಟಿಗೆ ಹೊಸತೇನೂ ಆಗಲಿಲ್ಲ, ಬಸಪ್ಪನು ಬಸವರಾಜನಾದನಷ್ಟೆ. ಹೆಣ್ಣುಹೆಸರುಗಳಲ್ಲಿ ಅಕ್ಕಮಹಾದೇವಿ, ಗಂಗಾಂಬಿಕೆ, ನೀಲಾಂಬಿಕೆಯರು ಹೊಸ ಕಳೆಯಿಂದ ಬಂದರು. ಅದೇ ಸಂಪುಟಗಳಲ್ಲಿ ತಮ್ಮ ಮಾತನ್ನು ಬಿಟ್ಟುಹೋದ ಗೊಗ್ಗವ್ವೆ, ಕಾಳವ್ವೆ, ಸೋಮವ್ವೆ, ಗುಡ್ಡವ್ವೆ, ರೆಮ್ಮವ್ವೆಯರು ಬರಲಿಲ್ಲ. ಕದಿರೆಯಲ್ಲಿ ನೂಲು ತೆಗೆಯುತ್ತಿದ್ದ ರೆಮ್ಮವ್ವೆಯ ವಚನಗಳನ್ನು ಪದವಿ ತರಗತಿಗಳಲ್ಲಿ ನಾವು ಪಾಠ ಹೇಳುತ್ತೇವೆ. ಆಕೆಯ ಹೆಸರು ಕೇಳಿ ಹಿಂದಿನ ಬೆಂಚಿನಿಂದ ಒಂದು ಮುಗುಳುನಗೆ ಬಂದರೆ ಅದಕ್ಕೆ ವಿದ್ಯಾರ್ಥಿಯೊಬ್ಬನನ್ನೇ ದೂರುವಂತಿಲ್ಲ.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರಬಹುದು. ಹಳ್ಳಿಯ ಹೆಸರುಗಳೆಂದು ನಾವು ಪಕ್ಕಕ್ಕಿಟ್ಟವುಗಳ ವಯಸ್ಸೇನು? ಹಳಗನ್ನಡದ ಅಬ್ಬೆ, ನಡುಗನ್ನಡದ ಅವ್ವೆ, ಇಂದು ಧಾರವಾಡದ ಮನೆಗಳಲ್ಲಿ ಕೇಳುವ ಅವ್ವ, ಇವು ಒಂದೇ ಮಾತಿನ ಬೇರೆ ಬೇರೆ ಕಾಲದ ರೂಪಗಳು. 10ನೆಯ ಶತಮಾನದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯೂ ಮೊನ್ನೆಮೊನ್ನೆಯವರೆಗೆ ಸಂತೆಗೆ ಬರುತ್ತಿದ್ದ ಜಕ್ಕವ್ವನೂ ಹೆಸರಿನಿಂದ ಒಬ್ಬರೇ. ಸಂಸ್ಕೃತದ ಯಕ್ಷಿ ಪ್ರಾಕೃತದ ಮೂಲಕ ಜಕ್ಕಿಯಾಗಿ ನಮ್ಮಲ್ಲಿ ಸಾವಿರ ವರ್ಷ ಬಾಳಿದ್ದಾಳೆ. ರಾಚಮಲ್ಲನ ರಾಚ ಎಂಬುದೇ ರಾಚಪ್ಪ, ರಾಚವ್ವ, ರಾಚಯ್ಯರಲ್ಲಿ ಇದೆ. ಅದು ರಾಜಶಬ್ದದ ತದ್ಭವ. ವಚನಕಾರ ಬೊಮ್ಮಯ್ಯನ ಬೊಮ್ಮನು ಬ್ರಹ್ಮನೇ. ಬೊಮ್ಮಪ್ಪ, ಬೊಮ್ಮವ್ವರಲ್ಲಿ ಅವನು ಇನ್ನೂ ಇದ್ದಾನೆ. ಲಕ್ಕವ್ವನಲ್ಲಿ ಲಕ್ಷ್ಮಿಯಿದ್ದಾಳೆ. ಇದಕ್ಕಿಂತಲೂ ಸೊಗಸಾದುದು ಪಕಾರ-ಹಕಾರಗಳ ಕಥೆ. ಹಳಗನ್ನಡದ ಶಬ್ದಾದಿಯ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತೆಂಬುದನ್ನು ಭಾಷಾಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಪುಲಿಗೆರೆ ಹುಲಿಗೆರೆಯಾದಂತೆ, ಪೊನ್ ಎಂಬುದು ಹೊನ್ನಾಯಿತು. ಹಾಗಾದರೆ ಶಾಂತಿಪುರಾಣದ ಪೊನ್ನನ ಹೆಸರು ಇಂದಿನ ಕನ್ನಡದಲ್ಲಿ ಏನಾಗಬೇಕು? ಹೊನ್ನ, ಹೊನ್ನಪ್ಪ. ಪಂಪಾಕ್ಷೇತ್ರವು ಹಂಪೆಯಾದುದರಿಂದ ಪಂಪನ ಹೆಸರು? ಹಂಪಯ್ಯ, ಹಂಪಣ್ಣ. ಆದಿಕವಿಯ ಅಭಿಮಾನದಿಂದ ಮಗನಿಗೆ ಪಂಪನೆಂದು ಹೆಸರಿಡುವ ತಂದೆಯು, ತನ್ನ ಅಜ್ಜನ ಹೆಸರು ಹಂಪಣ್ಣನಾಗಿದ್ದರೆ, ಅದನ್ನು ಹಳ್ಳಿಗಾಡಿನದೆಂದು ಬಿಟ್ಟು ಅದನ್ನೇ ಶಾಸನದಿಂದ ತಂದುಕೊಂಡಂತಾಯಿತು!

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಮರಳಿ ಬಂದ ಪುಲಕೇಶಿ-ಅಮೋಘವರ್ಷರ ವಂಶವು ನಡುವೆ ನೂರಾರು ವರ್ಷ ಕಡಿದುಹೋಗಿದೆ; ಹೊನ್ನಪ್ಪ-ಜಕ್ಕವ್ವರ ವಂಶ ಕಡಿದಿಲ್ಲ. ಪ್ರಾಚೀನತೆಯೇ ಮಾನದಂಡವಾದರೆ ಹಾಜರಿಯ ಯಾದಿಯ ಕೊನೆಯಲ್ಲಿ ಸಂಕೋಚದಿಂದ ಎದ್ದು ನಿಲ್ಲುವ ಹುಡುಗಿಯ ಹೆಸರೇ ಎಲ್ಲಕ್ಕಿಂತ ಹಳೆಯದಾಗಿರುವ ಸಂಭವ ಹೆಚ್ಚು. ಪ್ರಾಚೀನ ನಾಮಗಳ ಪುನರುಜ್ಜೀವನವೆಂದು ನಾವು ಕರೆಯುವ ಈ ಪ್ರವೃತ್ತಿಯು ಅಜ್ಜಿಯ ತಲೆಯ ಮೇಲಿಂದ ಕೈಚಾಚಿ ರಾಣಿಯನ್ನು ಮುಟ್ಟಿತು. ಮುಟ್ಟುವ ಸಂಭ್ರಮದಲ್ಲಿ ಅಜ್ಜಿಯ ಹೆಸರು ಜಾರಿಹೋಯಿತು.

ಆದರೆ ಈ ಬಿಡುವಿಕೆಯನ್ನು ಬರಿಯ ಮರೆವೆಂದೋ ಒಣ ಪ್ರತಿಷ್ಠೆಯೆಂದೋ ಜರೆಯುವುದು ನ್ಯಾಯವಲ್ಲ. ಹೆಸರಿಗೆ ಜಾತಿಯ, ಕಸುಬಿನ, ಬಡತನದ ಗುರುತು ಅಂಟಿಕೊಂಡ ಸಮಾಜದಲ್ಲಿ, ತಿಪ್ಪವ್ವನೆಂಬ ಹೆಸರಿನಿಂದ ಕರೆಯಿಸಿಕೊಂಡು ನೊಂದ ತಾಯಿಯು ಮಗಳಿಗೆ ಆ ಹೆಸರನ್ನು ಇಡಲೊಲ್ಲೆನೆಂದರೆ ಆಕೆಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಚಕ್ರವರ್ತಿಯ ಹೆಸರು ಹೊಲದಲ್ಲಿ ದುಡಿಯುವವನ ಮಗನಿಗೆ ಸಂದದ್ದು ಸಣ್ಣ ಮಾತೂ ಅಲ್ಲ. ಆಯಾ ಸ್ತರದವರಿಗೆ ಆಯಾ ಹೆಸರು ಎಂಬ ಹಳೆಯ ಕಟ್ಟನ್ನು ಅದು ಸದ್ದಿಲ್ಲದೆ ಮುರಿದಿದೆ. ಮೇಲಾಗಿ ಹೆಣ್ಣುಮಕ್ಕಳ ಹೆಸರು ಮೊದಲಿನಿಂದಲೂ ಅಭದ್ರವಾಗಿಯೇ ಇದ್ದಿತು. ಈ ಸೀಮೆಯ ಎಷ್ಟೋ ಮನೆತನಗಳಲ್ಲಿ ಮದುವೆಯ ದಿನವೇ ತವರಿನ ಹೆಸರನ್ನು ತೆಗೆದು ಅತ್ತೆಯ ಮನೆಯವರು ಬೇರೆ ಹೆಸರಿಡುತ್ತಿದ್ದರು. ಅಲ್ಲಿ ಕಳೆದುದನ್ನು ಶಾಲೆಯ ದಾಖಲೆ ಪುಸ್ತಕ ಪೂರ್ತಿಗೊಳಿಸಿತು: ಮನೆಯಲ್ಲಿ ಅವ್ವ ಎಂದಿದ್ದುದು ದಾಖಲೆಯಲ್ಲಿ ಎಷ್ಟೋ ಸಲ ಅಮ್ಮ ಆಯಿತು, ಇಲ್ಲವೆ ಸಂಸ್ಕೃತದ ಆಕಾರಾಂತವಾಯಿತು. ಈ ತಿದ್ದುಪಡಿ ಪ್ರೀತಿಯಿಂದಲೂ ಆಗುತ್ತಿದ್ದಿತು. ಸಾಧನಕೇರಿಯ ಬೇಂದ್ರೆಯವರು ತಾಯಿಯ ಹೆಸರನ್ನು ತಮ್ಮ ಕಾವ್ಯನಾಮದೊಳಗೆ ಇರಿಸಿ ಅಂಬಿಕಾತನಯದತ್ತರಾದರು. ಮನೆಯ ಮಾತಿನ ಅಂಬವ್ವ ಕಾವ್ಯದ ಮಾತಿಗೆ ಬರುವಾಗ ಅಂಬಿಕೆಯಾದಳು. ಧಾರವಾಡದ ಆಡುನುಡಿಯನ್ನು ಕಾವ್ಯದ ಸಿಂಹಾಸನಕ್ಕೆ ಏರಿಸಿದ ಕವಿಯ ಲೇಖನಿಯಲ್ಲಿಯೂ ಹೀಗಾದುದು ಗಮನಾರ್ಹ. ಹುಬ್ಬಳ್ಳಿಯ ನಡುವಣ ವೃತ್ತವು ಕಿತ್ತೂರ ಚನ್ನಮ್ಮನ ಹೆಸರನ್ನು ಹೊತ್ತಿದೆ. ಬೈಲಹೊಂಗಲದ ಸೆರೆಯಲ್ಲಿ ಆಕೆಯೊಡನಿದ್ದ ಸೊಸೆ ವೀರವ್ವನ ಹೆಸರನ್ನು ಹೇಳಬಲ್ಲವರು ಆ ವೃತ್ತದಲ್ಲಿ ಎಷ್ಟು ಜನ ಸಿಕ್ಕಾರು?

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಮರಳುವಿಕೆ ಕಾಣಿಸಿಕೊಂಡಿದೆ. ಅಜ್ಜಿಯನ್ನು ನೆನೆಯಬೇಕೆಂಬ ಮನೆಗಳವರು ಆಕೆಯ ಹೆಸರಿನ ತುದಿಯನ್ನು ಕತ್ತರಿಸಿ ಉಳಿದುದನ್ನು ಮೊಮ್ಮಗಳಿಗೋ ಮರಿಮಗಳಿಗೋ ಇಡುತ್ತಿದ್ದಾರೆ. ನೀಲವ್ವನಿಂದ ನೀಲಾ, ಗಂಗವ್ವನಿಂದ ಗಂಗಾ, ಗೌರವ್ವನಿಂದ ಗೌರಿ. ಪುಲಕೇಶಿಯ ಪುನರುಜ್ಜೀವನಕ್ಕಿಂತ ಇದು ಅಜ್ಜಿಯ ಮನೆಗೆ ಹತ್ತಿರವಾದುದೆಂಬುದನ್ನು ಒಪ್ಪಬೇಕು. ನೆನಪು ಇಲ್ಲಿ ಗ್ರಂಥದಿಂದ ಬಂದುದಲ್ಲ, ಮನೆಯದು. ಆದರೂ ಕತ್ತರಿಸಿದ್ದು ಯಾವ ಭಾಗವನ್ನು ಎಂಬುದನ್ನು ನೋಡಬೇಕು. ಅಬ್ಬಣಬ್ಬೆ, ಅತ್ತಿಮಬ್ಬೆ, ಮಾಚಿಕಬ್ಬೆಯರಿಂದ ಗೊಗ್ಗವ್ವೆ, ರೆಮ್ಮವ್ವೆಯರವರೆಗೆ ಸಾವಿರ ವರ್ಷ ಕನ್ನಡದ ಹೆಣ್ಣುಹೆಸರುಗಳನ್ನು ಒಂದು ಬಳಗವನ್ನಾಗಿ ಹಿಡಿದಿದ್ದ ತಾಯಿಶಬ್ದವೇ ಆ ತುದಿ. ನೀಲೆ, ಗಂಗೆ, ಗೌರಿಯರ ಮಟ್ಟಿಗೆ ತುದಿ ಹೋದರೂ ಕಿವಿಗೆ ಇಂಪಾದ ಸಂಸ್ಕೃತದ ಬುಡ ಉಳಿಯುತ್ತದೆ. ಜಕ್ಕವ್ವ, ಲಕ್ಕವ್ವ, ಬೊಮ್ಮವ್ವ, ರಾಚವ್ವರಿಂದ ತುದಿಯನ್ನು ಕತ್ತರಿಸಿದರೆ ಉಳಿಯುವುದು ಇಂದಿನವರ ಕಿವಿಗೆ ಹೆಸರೆಂದೇ ತೋರುವುದಿಲ್ಲ. ಆದುದರಿಂದ ಅವರ ಮೊಮ್ಮಕ್ಕಳಿಗೆ ಬೇರೆ ಹೆಸರುಗಳನ್ನು ಇಡಲಾಗುತ್ತಿದೆ.